ಶಾಲೆಯ ಯಾವ ಬೇಡಿಕೆ ಯಾರ ಬಾಗಿಲಿಗೆ? ಎಸ್‌ಡಿಎಂಸಿಗಳು ಯೋಜನೆ ಬರೆಯುವ ಬಗೆ

1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದಿತು. ಈಗ ಕಾಯ್ದೆ ದೆಹಲಿಯದು, ನೇಮಕಾತಿ ಬೆಂಗಳೂರಿನದು, ಕಾಂಪೌಂಡು ಪಂಚಾಯಿತಿಯದು. ಜಗಳೂರಿನ ಶಾಲೆಯಾಗಲಿ ಮೊಳಕಾಲ್ಮೂರಿನದಾಗಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಎಲ್ಲ ಬೇಡಿಕೆಯನ್ನೂ ಒಂದೇ ಅರ್ಜಿಗೆ ತುಂಬಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟರೆ ಅದು ಅಲ್ಲೇ ಕೂರುತ್ತದೆ.

ಮೊದಲು ದಾಖಲಾತಿ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯಂತೆ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ಕ್ಕೆ ಮೂವರು. ಅಂದರೆ ಅರವತ್ತೊಂದನೇ ಮಗುವಿನ ಹೆಸರು ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಏರದಿದ್ದರೆ ಮೂರನೇ ಹುದ್ದೆ ಕೇಳಲು ಆಧಾರವೇ ಇಲ್ಲ. ಹಾಜರಿ ಪುಸ್ತಕದಲ್ಲಿದ್ದರೆ ಸಾಲದು. ಈ ಬೇಡಿಕೆಯನ್ನು ತರಗತಿವಾರು ಸಂಖ್ಯೆಯೊಂದಿಗೆ ಪ್ರತ್ಯೇಕ ಪತ್ರದಲ್ಲಿ ಬಿಇಒಗೆ ಕೊಡಿ. ಗ್ರಾಮ ಪಂಚಾಯಿತಿಗೆ ಬರೆದು ಪ್ರಯೋಜನವಿಲ್ಲ; ಶಿಕ್ಷಕರನ್ನು ನೇಮಿಸುವ, ವರ್ಗ ಮಾಡುವ ಅಧಿಕಾರ ಅದಕ್ಕಿಲ್ಲ.

ಕಾಂಪೌಂಡು, ಶೌಚಾಲಯ, ನೀರು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಬೇಕು. ಗ್ರಾಮಸಭೆಯಲ್ಲಿ ಬಾಯಿಮಾತಲ್ಲಿ ಹೇಳಿ ಬರಬೇಡಿ, ನಡಾವಳಿಯಲ್ಲಿ ಬರೆಸಿ. ಅದಕ್ಕೂ ಮುಂಚೆ ಜಾಗದ ದಾಖಲೆ ತೆಗೆಸಿ. ಹಿಂದೆ ಯಾರೋ ದಾನ ಕೊಟ್ಟ ನೆಲ ಇನ್ನೂ ಅವರ ಮನೆತನದ ಹೆಸರಲ್ಲೇ ಇದ್ದರೆ, ಪಾಯ ತೋಡುವ ದಿನ ಮೊಮ್ಮಕ್ಕಳು ತಕರಾರು ತರುತ್ತಾರೆ.

ಸಣ್ಣ ದುರಸ್ತಿ, ಸುಣ್ಣಬಣ್ಣ, ಸೀಮೆಸುಣ್ಣಕ್ಕೆ ಕೇಂದ್ರದ ‘ಸಮಗ್ರ ಶಿಕ್ಷಣ’ ಕಾರ್ಯಕ್ರಮದ ಶಾಲಾ ಅನುದಾನವಿದೆ. ಮಾರ್ಗಸೂಚಿಯಂತೆ 101ರಿಂದ 250 ಮಕ್ಕಳಿದ್ದರೆ ವರ್ಷಕ್ಕೆ ₹50,000. ಅದರಲ್ಲಿ ಕನಿಷ್ಠ ಶೇ. 10, ಅಂದರೆ ₹5,000, ಸ್ವಚ್ಛತೆಗೆ ಹೋಗಬೇಕು. ಇಲ್ಲಿ ಮಾತ್ರ ಖರ್ಚು ಯಾವುದಕ್ಕೆಂದು ಊರಿನವರೇ ತೀರ್ಮಾನಿಸಬಹುದು. ಸಭೆಯ ಹೊತ್ತನ್ನು ಇದಕ್ಕೇ ಕೊಡಿ.

ವೇಳಾಪಟ್ಟಿಯದು ವಿಚಿತ್ರ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮು ಶೈಕ್ಷಣಿಕ ಕ್ಯಾಲೆಂಡರ್ ನಿಗದಿಯನ್ನು ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟಿದೆ. ನಡೆಯುವುದು ಇಲಾಖೆಯ ವೇಳಾಪಟ್ಟಿ. ಚಳ್ಳಕೆರೆ ಕಡೆ ಶೇಂಗಾ ಕೀಳುವಾಗ ತರಗತಿ ಖಾಲಿಯಾದರೂ ಅದು ಕದಲುವುದಿಲ್ಲ. ಆ ವಾರಗಳ ಗೈರುಹಾಜರಿಯನ್ನು ತರಗತಿವಾರು ಪಟ್ಟಿ ಮಾಡಿ ಯೋಜನೆಗೆ ಲಗತ್ತಿಸಿ. ಅಂಕಿಯಿಲ್ಲದೆ ಈ ಮಾತು ಯಾರೂ ಕೇಳುವುದಿಲ್ಲ.

ಇವೆಲ್ಲ ಸೇರಿದ ಯೋಜನೆ ಮೂರು ವರ್ಷದ್ದು, ವರ್ಷಕ್ಕೊಂದು ಉಪಯೋಜನೆ. ಮಾರ್ಚ್ 31ರೊಳಗೆ ಸಲ್ಲಿಸಿ. ಅಧ್ಯಕ್ಷರ ಸಹಿ ಇರಲಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂಬುದು ಕಾಯ್ದೆ; ಅವರ ಸಹಿಯನ್ನು ಮನೆಮನೆಗೆ ಪುಸ್ತಕ ಕಳಿಸಿ ಹಾಕಿಸಬೇಡಿ, ಸಭೆಯಲ್ಲೇ ಹಾಕಿಸಿ. ಪ್ರತಿ ಪತ್ರದ ಎರಡನೇ ಪ್ರತಿಗೆ ಕಚೇರಿಯ ಮುದ್ರೆ, ದಿನಾಂಕ ಬಿದ್ದ ಮೇಲೇ ಅಲ್ಲಿಂದ ಹೊರಡಿ.