ಚಿನ್ನದ ಗಣಿಯ ಸ್ಮಶಾನಗಳಲ್ಲಿ ಕೋಲಾರದ ಚರಿತ್ರೆ: ನನ್ನ ಅನುಭವ

ಕೋಲಾರ ಜಿಲ್ಲೆಯ ಚರಿತ್ರೆಯನ್ನು ಹೇಳುವವರು ಕೋಲಾರಮ್ಮನ ಗುಡಿಯಿಂದ ಆರಂಭಿಸಿ, ಆವಣಿ, ಮುಳಬಾಗಿಲುಗಳನ್ನು ದಾಟಿ, ಕೊನೆಗೆ ಚಿನ್ನದ ಗಣಿಗೆ ಬಂದು ನಿಲ್ಲುವುದು ರೂಢಿ. ಆಂಧ್ರ ಮತ್ತು ತಮಿಳುನಾಡುಗಳೆರಡಕ್ಕೂ ತಾಗಿಕೊಂಡಿರುವ ಈ ಗಡಿ ಜಿಲ್ಲೆಗೆ ಯಾರು ಬಂದರು, ಎಲ್ಲಿಂದ ಬಂದರು, ಯಾವ ಕೆಲಸ ಮಾಡುತ್ತ ತೀರಿಕೊಂಡರು ಎಂಬುದನ್ನು ತಿಳಿಯಬೇಕಾದರೆ ಗುಡಿಗಳಿಗಿಂತ ಸ್ಮಶಾನಗಳೇ ಹೆಚ್ಚು ನೆರವಾಗುತ್ತವೆ ಎಂಬುದು, ಹಲವು ವರ್ಷಗಳಿಂದ ಬಿಡುವಿನ ದಿನಗಳಲ್ಲಿ ಗೋರಿ ಕಲ್ಲುಗಳ ಬರಹವನ್ನು ನಕಲು ಮಾಡುತ್ತ ಬಂದಿರುವ ನನ್ನ ಅಭಿಪ್ರಾಯ. ಆದರೆ ಕಲ್ಲುಗಳನ್ನಷ್ಟೇ ನಂಬಿದರೆ ಅರ್ಧ ಊರು ಕೈಬಿಟ್ಟುಹೋಗುತ್ತದೆ ಎಂಬುದನ್ನೂ ಈ ಕೆಲಸವೇ ನನಗೆ ಕಲಿಸಿತು.

ಕ್ಷೇತ್ರಕ್ಕೆ ಇಳಿಯುವ ಮುನ್ನ ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಕಲನ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವನ್ನು ತಾಲ್ಲೂಕುವಾರು ಓದಿಕೊಂಡೆ. 1905ರಲ್ಲಿ ಪ್ರಕಟವಾದ ಈ ಕೋಲಾರ ಸಂಪುಟದಲ್ಲಿ, 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳೂ ಸೇರಿವೆ. ಬಂಗಾರಪೇಟೆಯನ್ನು ಹುಡುಕುವವರು ಬೌರಿಂಗ್‌ಪೇಟೆ ಎಂಬ ಹಳೆಯ ಹೆಸರಿನಡಿ ನೋಡಬೇಕು. ತುರುಗೋಳಿನಲ್ಲಿ, ಅಂದರೆ ದನಗಳನ್ನು ಹಿಡಿದೊಯ್ಯುವ ಕಾಳಗದಲ್ಲಿ, ಮಡಿದವರ ವೀರಗಲ್ಲುಗಳು ಗೋರಿಗಳಲ್ಲವಾದರೂ, ಸತ್ತವರನ್ನು ಕಲ್ಲಿನಲ್ಲಿ ನಿಲ್ಲಿಸುವ ಪದ್ಧತಿ ಈ ನೆಲಕ್ಕೆ ಎಷ್ಟು ಹಳೆಯದೆಂಬುದು ಅವುಗಳಿಂದ ತಿಳಿಯುತ್ತದೆ. ಕೋಲಾರ ಪಟ್ಟಣದ ಮಕ್‌ಬರಾವನ್ನೂ ನೋಡಿಬಂದೆ. ಅಲ್ಲಿ ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿ ಇದೆ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಸಮೀಪ ದಂಡಿನಲ್ಲಿದ್ದಾಗ ತೀರಿಕೊಂಡ ಹೈದರನ ದೇಹವನ್ನು ಮೊದಲು ಇಲ್ಲಿಗೇ ತಂದು ಇರಿಸಿ, ಅನಂತರ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಇವೆಲ್ಲವೂ ಪ್ರಕಟಿತ ಗ್ರಂಥಗಳಲ್ಲಿ ಸಿಗುವಂಥವು. ಯಾರೂ ಕ್ರಮವಾಗಿ ಪಟ್ಟಿ ಮಾಡದೆ ಬಿಟ್ಟಿದ್ದ ಕಲ್ಲುಗಳು ನನಗೆ ಸಿಕ್ಕಿದ್ದು ಕೆಜಿಎಫ್‌ನಲ್ಲಿ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತವರದ ಗಣಿಗಳಲ್ಲಿ ಪಳಗಿದ ಕೆಲಸಗಾರರು ಬಂದರು. ಆಗ ಅವರ ನಾಡಿನಲ್ಲಿ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಇಟಲಿಯವರು ಬಂದರು, ಆಂಗ್ಲೋ ಇಂಡಿಯನ್ನರು ಬಂದರು, ಕಾವಲಿಗೆ ಪಂಜಾಬಿಗಳು ಬಂದರು. ನೆಲದೊಳಗಿನ ಮೈಮುರಿಯುವ ದುಡಿಮೆಗೆ ಉತ್ತರ ಆರ್ಕಾಟ್ ಮತ್ತು ಸುತ್ತಲಿನ ತಮಿಳು ಪ್ರದೇಶಗಳಿಂದ, ಚಿತ್ತೂರಿನ ಕಡೆಯ ತೆಲುಗು ಹಳ್ಳಿಗಳಿಂದ ಸಾವಿರಾರು ಜನ ಬಂದರು. ಹಳೆಯ ಬ್ರಿಟಿಷ್ ಸ್ಮಶಾನದಲ್ಲಿ ಇಂಗ್ಲಿಷ್ ಬರಹದ ಅಮೃತಶಿಲೆ, ಗ್ರಾನೈಟ್ ಗೋರಿಗಳು ಲಂಟಾನಾ ಪೊದೆಗಳ ನಡುವೆ ಇವೆ. ಬೇಸಿಗೆಯ ಗಾಳಿಗೆ ಸೈನೈಡ್ ದಿಬ್ಬಗಳಿಂದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳಿಂದ, ಹಾರಿಬರುವ ಬೂದುಬಣ್ಣದ ನುಣುಪಾದ ಧೂಳು ಅಕ್ಷರಗಳ ಸಂದುಗಳಲ್ಲಿ ಕೂತಿರುತ್ತದೆ.

ಈ ಧೂಳನ್ನು ತೆಗೆಯಲು ನಾನು ಬಳಸುವುದು ಮೆತ್ತಗಿನ ಬಣ್ಣದ ಕುಂಚ ಮತ್ತು ಬರಿಯ ನೀರು. ತಂತಿಯ ಬ್ರಷ್ಷು, ಆಸಿಡ್ಡು, ಸೀಮೆಸುಣ್ಣ ಇವುಗಳನ್ನು ಕಲ್ಲಿನ ಹತ್ತಿರಕ್ಕೂ ಒಯ್ಯಬಾರದು; ಸೀಮೆಸುಣ್ಣ ಉಜ್ಜಿ ಫೋಟೊ ತೆಗೆಯುವ ಉತ್ಸಾಹಿಗಳನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸವೆದ ಬರಹವನ್ನು ಓದಲು ಓರೆ ಬೆಳಕು ಸಾಕು. ಬೆಳಗಿನ ಎಳೆಬಿಸಿಲು ಕಲ್ಲಿನ ಮೇಲೆ ಅಡ್ಡಲಾಗಿ ಬೀಳದಿದ್ದರೆ, ಒಬ್ಬರು ಪಕ್ಕದಲ್ಲಿ ನಿಂತು ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ಹಾಯಿಸಿದರೆ, ಎದುರಿನಿಂದ ನೋಡುವಾಗ ಬೋಳಾಗಿ ಕಂಡ ಕಲ್ಲಿನಲ್ಲಿಯೂ ಅಂಕಿಗಳು ನೆರಳು ಕಟ್ಟಿಕೊಂಡು ಮೇಲೇಳುತ್ತವೆ.

ಸೀಸದ ಅಕ್ಷರಗಳ ಅಮೃತಶಿಲೆಗಳ ಪಾಡು ಬೇರೆ. ಇವುಗಳಲ್ಲಿ ಅಕ್ಷರದ ಆಕಾರಕ್ಕೆ ತೆಳುವಾದ ಗೀರು ಕೊರೆದು, ಗೀರಿನ ಒಳಗೆ ಅಲ್ಲಲ್ಲಿ ಸಣ್ಣ ತೂತು ಹಾಕಿ, ಸೀಸವನ್ನು ಬಡಿದು ಕೂರಿಸಿರುತ್ತಾರೆ. ಕಾಲಾಂತರದಲ್ಲಿ ಸೀಸ ಉದುರುತ್ತದೆ, ಇಲ್ಲವೇ ಮಾರುವವರು ಕಿತ್ತೊಯ್ಯುತ್ತಾರೆ. ಅಂಚು ಸವೆದ ಮೇಲೆ ಉಳಿಯುವುದು ತೂತುಗಳು ಮಾತ್ರ. ಒಂದು ಮಗುವಿನ ಗೋರಿಯಲ್ಲಿ ಹೆಸರಿನ ಸಾಲು ಪೂರ್ತಿ ಹೀಗೆ ಚುಕ್ಕೆಗಳಾಗಿ ಉಳಿದಿತ್ತು. ಅದೇ ಕಲ್ಲಿನಲ್ಲಿ ಸೀಸ ಉಳಿದಿದ್ದ ಅಕ್ಷರಗಳ ಅಗಲವನ್ನು ಅಳೆದು, ಯಾವ ಅಕ್ಷರಕ್ಕೆ ಎಷ್ಟು ತೂತು, ಎಲ್ಲೆಲ್ಲಿ ಎಂಬುದನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿಕೊಂಡು, ಹೆಸರಿನ ಚುಕ್ಕೆಗಳೊಡನೆ ಹೋಲಿಸುತ್ತ ಹೋದಾಗ ಮೊದಲ ಹೆಸರು ಬಿಡಿಸಿಕೊಂಡಿತು. ಮನೆತನದ ಹೆಸರು ಚರ್ಚಿನ ದಫ್ತರದಿಂದ ಖಚಿತವಾಯಿತು.

ದಫ್ತರಗಳೇ ಈ ಕೆಲಸದ ಬೆನ್ನೆಲುಬು. ಮದ್ರಾಸ್ ಪ್ರಾಂತ್ಯದ ಚರ್ಚುಗಳು ಕಳುಹಿಸುತ್ತಿದ್ದ ಶವಸಂಸ್ಕಾರದ ಪಟ್ಟಿಗಳ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸರಣಿಯಲ್ಲಿವೆ. ಕಲ್ಲಿನ ಮೇಲೆ ಬೈಬಲ್ಲಿನ ವಾಕ್ಯ ಇರುವಲ್ಲಿ ದಫ್ತರದಲ್ಲಿ ಕಾಲರಾ, ಕ್ಷಯ, ಗಣಿ ಅಪಘಾತ ಎಂಬ ನೇರ ಮಾತು ಇರುತ್ತದೆ. ಸತ್ತ ದಿನ, ಹೂಳಿದ ದಿನ ಎರಡನ್ನೂ ಬರೆದುಕೊಳ್ಳಬೇಕು, ಏಕೆಂದರೆ ಕಲ್ಲಿನ ತಾರೀಖು ದಫ್ತರದೊಡನೆ ಹೊಂದದಿದ್ದಾಗ ಗೊಂದಲ ಎಲ್ಲಿ ಹುಟ್ಟಿತೆಂಬುದು ಇದರಿಂದಲೇ ಗೊತ್ತಾಗುತ್ತದೆ. ಬಿಡಿ ಹೆಸರುಗಳಿಗಿಂತ ತಿಂಗಳುವಾರು ಜೋಡಿಸಿದ ಪಟ್ಟಿ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನುಭವ: 1918ರ ಕೊನೆಯ ತಿಂಗಳುಗಳಿಗೆ ಬಂದಾಗ, ಮೈಸೂರು ಸಂಸ್ಥಾನವನ್ನೆಲ್ಲ ಬಡಿದ ಇನ್‌ಫ್ಲುಯೆಂಜಾ ಯಾವ ಪುಸ್ತಕದ ನೆರವೂ ಇಲ್ಲದೆ ಕಣ್ಣಿಗೆ ರಾಚುತ್ತದೆ.

ಕಷ್ಟವಾದದ್ದು ತಮಿಳು ಕೂಲಿಕಾರರ ನೆಲ. ಅಲ್ಲಿ ಕಲ್ಲು ಕಡಿಮೆ, ಮಣ್ಣಿನ ದಿಬ್ಬ ಹೆಚ್ಚು. ಕಲ್ಲು ಇದ್ದರೆ ‘ತೋಟ್ರಂ’ (ಹುಟ್ಟು), ‘ಮರೈವು’ (ಸಾವು) ಎಂದು ಎರಡು ತಾರೀಖು ಇರುತ್ತವೆ. ಬರಹವಿಲ್ಲದ ಕಡೆ ದಿಬ್ಬಗಳ ದಿಕ್ಕನ್ನು ದಿಕ್ಸೂಚಿಯಿಟ್ಟು ಗುರುತಿಸಿದೆ. ಕ್ರೈಸ್ತರದು ಸಾಮಾನ್ಯವಾಗಿ ಪೂರ್ವ–ಪಶ್ಚಿಮ, ಮುಸ್ಲಿಮರದು ಉತ್ತರ–ದಕ್ಷಿಣ. ಇದರಿಂದ ಸಮುದಾಯದ ಅಂದಾಜು ಸಿಗುತ್ತದೆಯೇ ಹೊರತು ವ್ಯಕ್ತಿ ಸಿಗುವುದಿಲ್ಲ. ತಮಿಳು ದಲಿತ ಚಿಂತಕ ಅಯೋಥಿದಾಸ ಪಂಡಿತರ ಪ್ರಭಾವದಿಂದ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದವರ ಹಿರಿಯರನ್ನು ಹುಡುಕಲು ಚರ್ಚಿನ ದಫ್ತರವೂ ಪ್ರಯೋಜನಕ್ಕೆ ಬಾರದು. ಗಣಿಯಲ್ಲಿ ಸತ್ತವರ ಮಟ್ಟಿಗೆ ಮೈಸೂರು ಸರ್ಕಾರದ ಗಣಿ ಇನ್‌ಸ್ಪೆಕ್ಟರರ ವಾರ್ಷಿಕ ವರದಿಗಳು ಆಸರೆಯಾದವು. ಆಳದ ಒತ್ತಡಕ್ಕೆ ಬಂಡೆ ಸಿಡಿಯುವುದನ್ನು ಗಣಿಯವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಚಾಂಪಿಯನ್ ರೀಫ್ ಮೂರು ಕಿಲೊಮೀಟರ್‌ಗೂ ಆಳಕ್ಕೆ ಇಳಿದ ಗಣಿಯಾದ್ದರಿಂದ ಆ ಮಾತು ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಉಳಿದದ್ದು ಹಿರಿಯರ ನೆನಪು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ಮೇಲೆ ಅನೇಕ ಕುಟುಂಬಗಳ ಮಕ್ಕಳು ಬೆಂಗಳೂರಿನ ರೈಲು ಹಿಡಿದು ದುಡಿಯಲು ಹೋಗಿಬರುತ್ತಾರೆ. ಮನೆಯಲ್ಲಿರುವ ಮುದುಕರನ್ನು ಸ್ಮಶಾನಕ್ಕೆ ಕರೆದೊಯ್ದರೆ ಕಾಗದದಲ್ಲಿಲ್ಲದ ಸಾಲುಗಳನ್ನು ಕೈತೋರಿಸಿ ಹೇಳುತ್ತಾರೆ. ಅವರು ಹೆಸರಿಗಿಂತ ಮೊದಲು ಹೇಳುವುದು ಸತ್ತವರು ಕೂಲಿಕಾರರ ಮನೆಗಳ ಯಾವ ಲೈನಿನಲ್ಲಿ, ಅಂದರೆ ಸಾಲಿನಲ್ಲಿ, ಇದ್ದರು ಎಂಬುದನ್ನು. ಹಾಗಾಗಿ ಅಕಾರಾದಿ ಕ್ರಮವನ್ನು ಬಿಟ್ಟು, ಕೂಲಿ ಲೈನುಗಳ ಪ್ರಕಾರ ಪಟ್ಟಿಯನ್ನು ಜೋಡಿಸತೊಡಗಿದೆ. ಕಾರ್ನ್‌ವಾಲ್‌ನಿಂದ ಪತ್ರ ಬರೆಯುವ ಮೊಮ್ಮಕ್ಕಳಿಗೆ ಇದರಿಂದ ತುಸು ತೊಡಕಾಗುತ್ತದೆ. ಅವರಿಗಾಗಿ ಕೊನೆಯಲ್ಲಿ ಮನೆತನದ ಹೆಸರುಗಳ ಸೂಚಿ ಸೇರಿಸುತ್ತಿದ್ದೇನೆ. ಮಾರಿಕುಪ್ಪಂ ಭಾಗದ ಪಟ್ಟಿ ಮುಗಿಯುತ್ತ ಬಂದಿದೆ. ಚಾಂಪಿಯನ್ ರೀಫ್‌ನ ಕಡೆಯದನ್ನು ಮಳೆ ನಿಂತು ಪೊದೆ ಸವರಿದ ಮೇಲೆ ಆರಂಭಿಸಬೇಕು.