ತುಂಬೆ ಉಳಿಯುತ್ತದೆಯೇ? ಎಣಿಸಿ ನೋಡುವುದು ಹೀಗೆ

ಊರಿನ ಗೋಮಾಳದಲ್ಲಿ ತುಂಬೆಯೂ ಇದೆ, ಕಾಂಗ್ರೆಸ್ ಗಿಡವೂ ಇದೆ. ಎರಡೂ ಹೊಂದಿಕೊಂಡಿವೆಯೇ, ಅಥವಾ ಒಂದು ಇನ್ನೊಂದನ್ನು ಮೆಲ್ಲಗೆ ಹೊರದಬ್ಬುತ್ತಿದೆಯೇ? ಒಂದು ದಿನ ನೋಡಿ ಹೇಳಲು ಆಗುವುದಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕೂತವರೆಲ್ಲ ಒಂದೇ ಮನೆಯವರಲ್ಲ, ಅಲ್ವಾ? ಪರಿಸರ ವಿಜ್ಞಾನಿಗಳು ಇದನ್ನು ಬೇರೆ ರೀತಿ ಕೇಳುತ್ತಾರೆ: ಒಂದು ಜಾತಿ ತೀರಾ ಕಡಿಮೆಯಾದಾಗ ಮತ್ತೆ ಹೆಚ್ಚಿಕೊಳ್ಳುತ್ತದೆಯೇ? ಎರಡೂ ಜಾತಿಗಳಿಗೆ ಉತ್ತರ ಹೌದು ಎಂದಾದರೆ ಅವು ಜೊತೆಗೆ ಬಾಳುತ್ತವೆ ಎನ್ನಬಹುದು.

ಮೊದಲು ಜಾಗ ಗುರುತಿಸಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ 20 ಚೌಕ ಸಾಕು. ಗಿಡ ಚೆನ್ನಾಗಿರುವ ಕಡೆಗೇ ಕಣ್ಣು ಹೋಗುತ್ತದೆ, ಹಾಗಾಗಿ ನೀವೇ ಆರಿಸಬೇಡಿ. ಜಾಗದ ನಕ್ಷೆ ಬರೆದು, ಅದರ ಮೇಲೆ ಚೌಕ ಮನೆಗಳನ್ನು ಗೀಚಿ, ನಂಬರ್ ಹಾಕಿ ಚೀಟಿ ಎತ್ತಿ. ಚೌಕದ ನಾಲ್ಕು ಮೂಲೆಗೂ ಕಬ್ಬಿಣದ ಗೂಟ ಬಡಿಯಿರಿ. ದನ ಎಡವದಂತೆ ಗೂಟ ನೆಲಮಟ್ಟಕ್ಕೆ ಇರಲಿ. ಮುಂದಿನ ವರ್ಷವೂ ಎಣಿಸಬೇಕಾದದ್ದು ಇದೇ ಚೌಕಗಳನ್ನು.

ಮಳೆಗಾಲ ಮುಗಿಯುತ್ತಾ ಬಂದಾಗ, ತುಂಬೆ ಹೂ ಬಿಟ್ಟಿರುವಾಗ ಎಣಿಸಿದರೆ ಗುರುತು ತಪ್ಪುವುದಿಲ್ಲ. ಪ್ರತಿ ವರ್ಷ ಅದೇ ಹೊತ್ತಿಗೆ ಹೋಗಿ. ಕಾಂಗ್ರೆಸ್ ಗಿಡ ಕೆಲವರಿಗೆ ಮೈ ಕಡಿತ, ಉಬ್ಬಸ ತರುತ್ತದೆ. ಕೈಗವಸು, ಮಾಸ್ಕ್ ಇಲ್ಲದೆ ಹೋಗಬೇಡಿ. ಇಬ್ಬರು ಬೇರೆಬೇರೆಯಾಗಿ ಎಣಿಸಿ, ಆಮೇಲೆ ತಾಳೆ ನೋಡಿ. ಗರಿಕೆಯಂತೆ ಹಬ್ಬುವ ಹುಲ್ಲನ್ನು ಬಿಡಿಬಿಡಿಯಾಗಿ ಎಣಿಸಲಾಗುವುದಿಲ್ಲ. ಅದು ಚೌಕದಲ್ಲಿ ಎಷ್ಟು ಪಾಲು ಮುಚ್ಚಿದೆ ಎಂದು ಬರೆದರೆ ಆಯಿತು.

ಇನ್ನು ಲೆಕ್ಕ. ಈ ವರ್ಷದ ಎಣಿಕೆಯನ್ನು ಹೋದ ವರ್ಷದ ಎಣಿಕೆಯಿಂದ ಭಾಗಿಸಿ. 10 ಗಿಡ 20 ಆಗಿದ್ದರೆ ಉತ್ತರ 2. ಮರುವರ್ಷ 20 ಮತ್ತೆ 10ಕ್ಕೆ ಇಳಿದರೆ 0.5. ಇಲ್ಲೇ ತುಂಬಾ ಜನ ಎಡವುತ್ತಾರೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 1.25 ಬರುತ್ತದೆ, ಗಿಡ ಹೆಚ್ಚುತ್ತಿದೆ ಅನ್ನಿಸುತ್ತದೆ. ಆದರೆ ಅದು ಇದ್ದಲ್ಲೇ ಇದೆ! ಅದಕ್ಕೇ ಕೂಡಿಸಬಾರದು, ಗುಣಿಸಬೇಕು. 2 ಗುಣಿಸು 0.5 ಅಂದರೆ 1, ಅದರ ವರ್ಗಮೂಲವೂ 1. ಭಾಗಿಸಿ ಬಂದ ಇಂಥ ಉತ್ತರಗಳು ಮೂರಿದ್ದರೆ (ಅಂದರೆ ನಾಲ್ಕು ವರ್ಷ ಎಣಿಸಿದ್ದರೆ) ಮೂರನ್ನೂ ಗುಣಿಸಿ ಘನಮೂಲ ತೆಗೆಯಿರಿ. ಒಂದು ಕೆಟ್ಟ ಬರದ ವರ್ಷ ಎಷ್ಟು ಒಳ್ಳೆಯ ವರ್ಷಗಳನ್ನು ನುಂಗುತ್ತದೆ ಎಂಬುದು ಹೀಗೆ ಮಾಡಿದರೆ ಮಾತ್ರ ಕಾಣುತ್ತದೆ.

ಆಮೇಲೆ ಚೌಕಗಳನ್ನು ಎರಡು ಗುಂಪು ಮಾಡಿ: ತುಂಬೆ ಕಡಿಮೆ ಇದ್ದವು, ಜಾಸ್ತಿ ಇದ್ದವು. ಕಡಿಮೆ ಇದ್ದ ಕಡೆ ಉತ್ತರ 1ಕ್ಕಿಂತ ಮೇಲಿದ್ದರೆ ಒಳ್ಳೆಯ ಸೂಚನೆ. ಆದರೆ ಅಷ್ಟಕ್ಕೇ ಖುಷಿಪಡಬೇಡಿ. ಹೋದ ಸಲ ಕೆಲವು ಗಿಡ ಕಣ್ತಪ್ಪಿದ್ದರೆ, ಈ ಸಲ ಸುಮ್ನೆ ಹೆಚ್ಚಾದಂತೆ ಕಾಣುತ್ತದೆ. ಪಕ್ಕದ ಹೊಲದಿಂದ ಬೀಜ ಬಂದು ಬಿದ್ದರೂ ಹಾಗೇ.

ಈ ಅನುಮಾನ ಕಳೆಯಲು ಒಂದು ಪ್ರಯೋಗ ಮಾಡಿ. ಹೊಸದಾಗಿ ಕೆಲವು ಚೌಕ ಗುರುತಿಸಿ, ಎಲ್ಲದರಲ್ಲೂ ತುಂಬೆ ಕಿತ್ತುಹಾಕಿ. ಅರ್ಧ ಚೌಕಗಳಲ್ಲಿ ಕಾಂಗ್ರೆಸ್ ಗಿಡವನ್ನೂ ಹೂ ಬಿಡುವ ಮೊದಲೇ ಕೀಳಿ, ಉಳಿದವುಗಳಲ್ಲಿ ಹಾಗೇ ಬಿಡಿ. ಎಲ್ಲದಕ್ಕೂ ಒಂದೇ ಲೆಕ್ಕದಲ್ಲಿ ತುಂಬೆ ಬೀಜ ಹಾಕಿ. ಇವಲ್ಲದೆ, ತುಂಬೆ ಕಿತ್ತು ಏನೂ ಬಿತ್ತದ ಒಂದೆರಡು ಚೌಕಗಳೂ ಇರಲಿ. ಮಣ್ಣಲ್ಲಿ ಮೊದಲೇ ಇದ್ದ ಬೀಜದಿಂದ ಎಷ್ಟು ಹುಟ್ಟಿತು ಎಂದು ಅವು ಹೇಳುತ್ತವೆ. ಕಾಂಗ್ರೆಸ್ ಗಿಡದ ಬೀಜವನ್ನು ಮಾತ್ರ ಪ್ರಯೋಗಕ್ಕೂ ಬಿತ್ತಬೇಡಿ. ಅದು ಉಳಿಯುತ್ತದೆಯೇ ಎಂಬ ಚಿಂತೆ ನಮಗೆ ಬೇಡ.

ಎಷ್ಟು ವರ್ಷ ಎಣಿಸಬೇಕು? ಮೂರು ವರ್ಷ ತೀರಾ ಕನಿಷ್ಠ. ನಮ್ಮ ಗಡಿಯಾಚೆ ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರ್ ಜಾಗ ಗುರುತಿಸಿ, ಒಂದು ಸೆಂಟಿಮೀಟರ್ ದಪ್ಪದ ಗಿಡದಿಂದ ಹಿಡಿದು ಎಲ್ಲಕ್ಕೂ ನಂಬರ್ ಕಟ್ಟಿದರು. ಯಾವುದು ಸತ್ತಿತು, ಯಾವುದು ಹೊಸದಾಗಿ ಸೇರಿತು ಎಂದು ವರ್ಷ ವರ್ಷ ನೋಡುತ್ತಾ ಬಂದರು. ಮರಗಳಿಗೆ ಅಷ್ಟು ತಾಳ್ಮೆ ಬೇಕು.

ಒಂದು ವರ್ಷ ಚೌಕದಲ್ಲಿ ತುಂಬೆ ಸೊನ್ನೆಯಾದರೆ ‘ನಾಶವಾಯಿತು’ ಎಂದು ಬರೆಯಬೇಡಿ. ‘ಕಾಣಲಿಲ್ಲ’ ಎಂದು ಬರೆಯಿರಿ. ಮುಂದಿನ ಮಳೆಗೆ ಅದೇ ಮಣ್ಣಿಂದ ಮೊಳಕೆ ಏಳಬಹುದು.