ಬೀಗ ಹಾಕಿದ ಸಿಡಿಯಿಂದ ನಿಮ್ಮದೇ ಹಾಡು ಇಳಿಸಿಕೊಳ್ಳುವುದು

ನವನಗರದ ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಸಿಡಿ ಇದೆ. 2004ರಲ್ಲಿ ರೊಕ್ಕ ಕೊಟ್ಟು ತಂದದ್ದು, ಬಿಲ್ಲೂ ಇದೆ. ಕವರಿನ ಹಿಂದೆ ಪೂರ್ತಿ ಎಚ್ಚರಿಕೆ: ನಕಲು ಮಾಡಬೇಡಿ, ಬಾಡಿಗೆಗೆ ಕೊಡಬೇಡಿ, ಎರವಲೂ ಕೊಡಬೇಡಿ. ಎರವಲೂ! ಹಳೇ ಬಾಗಲಕೋಟೆಯ ನಮ್ಮ ಓಣಿಯಲ್ಲಿ ಶ್ರೀಕೃಷ್ಣ ಪಾರಿಜಾತ ಬಯಲಾಟದ ಕ್ಯಾಸೆಟ್ ಒಂದಿದ್ದರೆ ಹತ್ತು ಮನೆ ಸುತ್ತಿ ಬರುತ್ತಿತ್ತು. ಆಲಮಟ್ಟಿ ಹಿನ್ನೀರಿನಲ್ಲಿ ಓಣಿ ಮುಳುಗಡೆಯಾಗುವ ಹೊತ್ತಿಗೆ ಅದು ಯಾರ ಮನೆಯಲ್ಲಿತ್ತೋ, ಇವತ್ತಿಗೂ ಸಿಕ್ಕಿಲ್ಲ.

ಈ ಸಿಡಿ ಮನೆಯ ಪ್ಲೇಯರಿನಲ್ಲಿ ಹಾಡುತ್ತದೆ. ಕಾರಿನಲ್ಲಿ ಹಾಕಿದರೆ ಕರ್ ಕರ್ ಅಂದು ಹೊರಗೆ ಬರುತ್ತದೆ. ಅಂಗಡಿಗೆ ಒಯ್ದರೆ, "ಸಿಡಿ ಚಲೋ ಐತ್ರಿ, ನಿಮ್ಮ ಸೆಟ್ಟಿಂದs ತಕರಾರು" ಅಂದರು. ಕಳ್ಳ ಸಿಡಿ ಕೊಂಡ ಗೆಳೆಯನ ಗಾಡಿಯಲ್ಲಿ ಮಾತ್ರ ಅದೇ ಹಾಡು ಜೋರಾಗಿ ಕೇಳುತ್ತಿತ್ತು!

ಮೊದಲು ಡಬ್ಬಿ ನೋಡಿ. 'ಕಾಂಪ್ಯಾಕ್ಟ್ ಡಿಸ್ಕ್' ಗುರುತು ಇಲ್ಲದಿದ್ದರೆ ಅನುಮಾನ ಪಡಿ, 'ಕಾಪಿ ಕಂಟ್ರೋಲ್ಡ್' ಅಂತ ಇದ್ದರೆ ನಕಲು ತಡೆಯುವ ಬೀಗ ಇದೆ ಅಂತಲೇ ಲೆಕ್ಕ. ಕೆಲವು ಸಿಡಿಗಳಲ್ಲಿ ಬೇಕೆಂದೇ ತಪ್ಪು ಸೇರಿಸಿರುತ್ತಾರೆ. ಮನೆಯ ಪ್ಲೇಯರ್ ಅದನ್ನು ಸಾವರಿಸಿಕೊಂಡು ಹೋಗುತ್ತದೆ, ಕಂಪ್ಯೂಟರ್ ಮತ್ತು ಎಷ್ಟೋ ಕಾರ್ ಸೆಟ್ಟುಗಳು ಎಡವುತ್ತವೆ.

ಕಂಪ್ಯೂಟರಿಗೆ ಹಾಕಿದಾಗ ಏನಾದರೂ ಇನ್‌ಸ್ಟಾಲ್ ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ. 2005ರಲ್ಲಿ ಸೋನಿ ಬಿಎಂಜಿ ಅನ್ನುವ ಸಂಗೀತ ಕಂಪನಿಯ ಸಿಡಿಗಳು ಜನರ ಕಂಪ್ಯೂಟರಿನೊಳಗೆ ಗುಟ್ಟಾಗಿ ಸಾಫ್ಟ್‌ವೇರ್ ಬಚ್ಚಿಟ್ಟದ್ದು ಬಯಲಾಗಿ, ಕಂಪನಿ ಲಕ್ಷಗಟ್ಟಲೆ ಸಿಡಿ ವಾಪಸ್ ಪಡೆಯಬೇಕಾಯಿತು.

ನಾನು ಬೀಗದ ಗೊಡವೆಗೇ ಹೋಗಲಿಲ್ಲ. ಕಿವಿಗೆ ಕೇಳುವುದನ್ನು ರೆಕಾರ್ಡ್ ಮಾಡಿಕೊಂಡೆ, ಅಷ್ಟೇ. ಪ್ಲೇಯರಿನ ಹಿಂದಿನ ಕೆಂಪು-ಬಿಳಿ ಪಿನ್ನಿಗೆ ವೈರು ಹಾಕಿ, ಇನ್ನೊಂದು ತುದಿಯನ್ನು ಲೈನ್-ಇನ್ (ಪ್ಲೇಯರಿನಂಥ ಸಾಧನದ ದನಿ ಒಳಗೆ ಬರುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡಿಗೆ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ. ನಾನು ಮೊದಲ ಸಲ ಅದನ್ನೇ ಮಾಡಿ, ಗಾಯಕರ ದನಿ ಒಡೆದ ತಗಡಿನಂತೆ ಬಂತು. ಎಷ್ಟೋ ಅಗ್ಗದ ಕಾರ್ಡುಗಳಲ್ಲೂ ಮೈಕ್ ತೂತು ಮಾತ್ರ ಇರುತ್ತದೆ, ನೋಡಿ ತಗೊಳ್ಳಿ.

ರೆಕಾರ್ಡ್ ಮಾಡಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. 44100 ಹರ್ಟ್ಸ್, ಸ್ಟೀರಿಯೋ ಇಡಿ. ಸಿಡಿಯ ಅಳತೆಯೂ ಅದೇ. ಅತಿ ಜೋರಿನ ಜಾಗ ಒಮ್ಮೆ ನುಡಿಸಿ, ಮೀಟರ್ ಮೈನಸ್ 6 ಡೆಸಿಬೆಲ್ ಸುತ್ತ ನಿಲ್ಲುವಂತೆ ಮಾಡಿ. ಕೆಂಪು ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಸರಿಮಾಡಲು ಆಗುವುದಿಲ್ಲ. ಹಾಡಿನ ಹಿಂದೆ 'ಗುಂಯ್' ಅಂತ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ನನಗೆ ಇದು ಗೊತ್ತಾದದ್ದು ಕರೆಂಟು ಹೋದಾಗ! ಪ್ಲೇಯರನ್ನು ಯುಪಿಎಸ್‌ಗೆ ಹಾಕಿದ್ದೆ, ಗುಂಯ್ ನಿಂತಿತು, ಹಾಡು ನಿಲ್ಲಲಿಲ್ಲ.

ಒಂದು ತಾಸಿನ ಸಿಡಿಗೆ ಒಂದು ತಾಸೇ ಬೇಕು. ಸುಮ್ನೆ ಕೂತು ಕೇಳಿ. 16 ಬಿಟ್‌ನ WAV ಫೈಲಾಗಿ ಉಳಿಸಿದರೆ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಹಾಡು-ಹಾಡಿನ ನಡುವೆ ಲೇಬಲ್ ಇಟ್ಟರೆ ಬೇರೆ ಬೇರೆ ಫೈಲ್ ಆಗಿ ಹೊರಬರುತ್ತವೆ. ಪೆನ್‌ಡ್ರೈವಿಗೆ ಹಾಕಿ, ಕಾರಿಗೆ ಚುಚ್ಚಿ.

ಇದು ನಿಮ್ಮ ಸ್ವಂತಕ್ಕೆ ಮಾತ್ರ. ವಾಟ್ಸಾಪಿನಲ್ಲಿ ಓಣಿಗೆಲ್ಲ ಹಂಚಿದರೆ ಹಾಡಿದವರ ಹೊಟ್ಟೆಯ ಮೇಲೆ ಹೊಡೆದಂತೆ. 2012ರಿಂದ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ, ಹಕ್ಕು ಕದಿಯಲೆಂದು ಬೀಗ ಮುರಿದರೆ 2 ವರ್ಷದ ತನಕ ಜೈಲೂ ಇದೆ.

ಬಿಲ್ಲನ್ನು ಸಿಡಿಯ ಡಬ್ಬಿಯಲ್ಲೇ ಇಡಿ. ನನ್ನದರ ಅಕ್ಷರ ಮಾಸುತ್ತಿತ್ತು, ಝೆರಾಕ್ಸ್ ತೆಗೆಸಿದೆ. ಪುಣ್ಯಕ್ಕೆ ಅದರ ಮೇಲೆ ನಕಲು ಮಾಡಬೇಡಿ ಅಂತ ಬರೆದಿರಲಿಲ್ಲ.